ಉಲಮಿಲಾಳ ಕೆಲಸವನ್ನು ಹೂತ ಹಲ್ಲು

ಉಲಮಿಲಾ ಹೋಟೆಲಿನ ಲಾಂಡ್ರಿಗೆ ಕೆಲಸಕ್ಕೆ ಸೇರಿದಾಗ ಅವಳ ಕೈ ನಾಸೋಲೋ ಎಂಬ ದ್ವೀಪದೂರಿನ ಉಳಿದ ಹೆಂಗಸರ ಕೈಯಂತೆಯೇ ಇತ್ತು. ಅವಳನ್ನು ಅಲ್ಲಿಂದ ಓಡಿಸುವ ಹೊತ್ತಿಗೆ ಬಲಗೈಯ ಹೆಬ್ಬೆರಳಿಂದ ಮಣಿಕಟ್ಟಿನವರೆಗೆ ಚರ್ಮ ಬಿಳಿಚಿಕೊಂಡು, ಕಾಸಿದ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿತ್ತು. ಹೋಟೆಲಿನವರು ಅದನ್ನು ಅಲರ್ಜಿ ಎಂದರು. ಅಷ್ಟು ವರ್ಷ ಬರದಿದ್ದ ಅಲರ್ಜಿ, ಕಲೆ ತೆಗೆಯುವ ಹೊಸ ದ್ರಾವಣದ ಡ್ರಮ್ಮುಗಳು ಬಂದ ವಾರವೇ ಬಂದದ್ದು ಹೇಗೆ ಎಂದು ಕೇಳಿದವಳು ಅವಳೊಬ್ಬಳೇ.

ಹೋಟೆಲು ನಿಂತಿರುವುದು ನಾಸೋಲೋದವರ ನೆಲದಲ್ಲೇ. ಅಜ್ಜಂದಿರು ಕಡಲ ದಡವನ್ನು ಗುತ್ತಿಗೆಗೆ ಕೊಟ್ಟರು, ಮೊಮ್ಮಕ್ಕಳು ಅದೇ ದಡದಲ್ಲಿ ಕಂಡವರ ಹಾಸಿಗೆ ಬಟ್ಟೆ ಒಗೆಯುತ್ತಿದ್ದರು. ಉಲಮಿಲಾ ಕುಡುಕ ಗಂಡನನ್ನು ಬಿಟ್ಟು ತವರಿಗೆ ಬಂದು ದೊಡ್ಡಪ್ಪ ಸೆವನಾಯಾನ ಮನೆ ಸೇರಿದವಳು. ಗಂಡನನ್ನು ಬಿಟ್ಟು ಬಂದ ಹೆಣ್ಣಿಗೆ ಸಂಬಳವೊಂದೇ ಮರ್ಯಾದೆ. ಅದಿದ್ದಷ್ಟು ದಿನ ದೊಡ್ಡಪ್ಪನ ಮನೆಯಲ್ಲಿ ಅವಳು ಕುಳಿತಲ್ಲಿಗೆ ಚಹಾ ಬರುತ್ತಿತ್ತು.

ಅವಳು ಕೇಳಿದ್ದು ಆಸ್ತಿಯನ್ನಲ್ಲ, ಕೈಗವಸು. ಮೊದಲು ಲಾಂಡ್ರಿಯ ಮೇಸ್ತ್ರಿಯನ್ನು ಕೇಳಿದಳು. ಆಮೇಲೆ ಆಸ್ಟ್ರೇಲಿಯಾದಿಂದ ಬಂದ ಮ್ಯಾನೇಜರನ್ನು ಕೇಳಿದಳು. ಆತ ಬಲು ಸೌಮ್ಯ. ಎದೆಯ ಮೇಲೆ ಕೈಯಿಟ್ಟುಕೊಂಡು, "ನಿನ್ನ ಮಾತು ನನಗೆ ತುಂಬಾ ಮುಖ್ಯ" ಎಂದ. ಎರಡು ತಿಂಗಳಾದರೂ ಕೈಗವಸು ಬರಲಿಲ್ಲ. ಒಂದು ದಿನ ಡ್ರಮ್ಮು ಸೋರಿ, ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಮುದುಕಿಯೊಬ್ಬಳ ಪಾದ ಬೆಂದುಹೋಯಿತು. ಅವತ್ತು ಕೆಲಸ ಮುಗಿಸಿದವಳೇ ಉಲಮಿಲಾ ಬಸ್ಸು ಹತ್ತಿ ಸಿಂಗಾತೋಕ ಪೇಟೆಗೆ ಹೋಗಿ ಕಾರ್ಮಿಕ ಕಚೇರಿಯಲ್ಲಿ ದೂರು ಕೊಟ್ಟಳು. ಹತ್ತು ದಿನದೊಳಗೆ ಇನ್ಸ್‌ಪೆಕ್ಟರ್ ಬಂದರು, ಡ್ರಮ್ಮುಗಳಿಗೆ ಬೀಗ ಬಿತ್ತು, ಹೋಟೆಲಿಗೆ ನೋಟಿಸು ಬಂತು.

ಅಲ್ಲಿಗೆ ಎಲ್ಲ ಸರಿಹೋಯಿತೆಂದು ಅವಳು ನಂಬಿದಳು. ಅನ್ಯಾಯ ಮಾಡುವವರಿಗೆ ಅನ್ಯಾಯವೆಂದು ತೋರಿಸಿಕೊಟ್ಟರೆ ನಾಚಿಕೆಯಾಗುತ್ತದೆ ಎಂದುಕೊಂಡವಳು ಅವಳು. ಪಾಪ, ಒಳ್ಳೆಯವರ ಮಧ್ಯೆ ಬೆಳೆದಿದ್ದಳು.

ಮರುವಾರ ಅವಳನ್ನು ಲಾಂಡ್ರಿಯಿಂದ ತೆಗೆದು ಕಸದ ಗುಂಡಿಯ ಹತ್ತಿರ ಗುಡಿಸುವ ಕೆಲಸಕ್ಕೆ ಹಾಕಿದರು. ಆಮೇಲೆ ವಾರಕ್ಕೆ ಎರಡೇ ದಿನ ಕೆಲಸ ಎಂದರು. ಮುದುಕಿಯ ಬೆಂದ ಪಾದ ಕಂಡು ಅತ್ತಿದ್ದ ಹುಡುಗಿಯರೇ ಈಗ ಊಟದ ಮೇಜಿನಿಂದ ದೂರ ಸರಿದು ಕೂರುತ್ತಿದ್ದರು.

"ದಾರಿ ಬಿಡ್ರೇ, ಇನ್ಸ್‌ಪೆಕ್ಟರಮ್ಮ ಬಂದ್ರು," ಎಂದು ಒಬ್ಬಳು ಹೇಳಿದರೆ ಇನ್ನೊಬ್ಬಳು, "ನಿನ್ನ ಮರಗೆಣಸು ಮುಚ್ಕೊಳ್ಳೇ, ಅದನ್ನೂ ಬರ್ಕೊಂಡು ಹೋಗ್ತಾಳೆ," ಎನ್ನುತ್ತಿದ್ದಳು.

ಕೊನೆಗೆ, ಟವೆಲುಗಳು ಕಾಣೆಯಾಗಿವೆ ಎಂಬ ಸುದ್ದಿ ಹುಟ್ಟಿತು. ಲಾಂಡ್ರಿಯಲ್ಲಿ ಟವೆಲು ಕಾಣೆಯಾಗದ ದಿನವೇ ಇಲ್ಲ. ಗಿರಾಕಿಗಳೇ ಪೆಟ್ಟಿಗೆಯಲ್ಲಿ ಮಡಚಿಟ್ಟುಕೊಂಡು ಹೋಗುತ್ತಾರೆ. ಈ ಸಲ ಮಾತ್ರ ಕಳ್ಳಿ ಉಲಮಿಲಾ ಎಂದಾಯಿತು. ಲಾಂಡ್ರಿಯೊಳಗೆ ಕಾಲಿಡಲು ಬಿಡದೆ ಕಸ ಗುಡಿಸಲು ಹಾಕಿದ್ದ ಹೆಂಗಸು ಲಾಂಡ್ರಿಯ ಟವೆಲು ಕದ್ದದ್ದು ಹೇಗೆಂದು ಯಾರೂ ಕೇಳಲಿಲ್ಲ. ಅವಳ ಬ್ಯಾಡ್ಜು ಕಸಿದುಕೊಂಡು ಗೇಟಿನ ಹೊರಗೆ ಬಿಟ್ಟರು.

ಕಾರ್ಮಿಕ ಕಚೇರಿಯ ಕಮಲಾ ಗೌಂಡರ್ ಎಂಬ ಅಧಿಕಾರಿಣಿ ಎಲ್ಲವನ್ನೂ ಕೇಳಿಸಿಕೊಂಡು, ಹೊಸ ದೂರು ಬರೆದುಕೊಂಡು ಕನ್ನಡಕ ತೆಗೆದಿಟ್ಟಳು. ಹಿಂದೆ ಕಬ್ಬು ಕಡಿಯಲು ಹಡಗಿನಲ್ಲಿ ಕೂಲಿಗಳಾಗಿ ಬಂದವರ ಮನೆತನದ ಹೆಂಗಸು. ಮಾಲೀಕರ ಮಾತು ಅವಳಿಗೆ ಹೊಸದಲ್ಲ.

"ನೋಡಮ್ಮಾ, ಇದು ಸೇಡು ತೀರಿಸ್ಕೊಳ್ಳೋದು. ದೂರು ಕೊಟ್ಟಳು ಅಂತ ಕೆಲಸದಿಂದ ತೆಗೆಯೋ ಹಾಗಿಲ್ಲ, ಪಾಳಿ ಕಡಿಮೆ ಮಾಡೋ ಹಾಗೂ ಇಲ್ಲ. ಕಾನೂನು ನಿನ್ನ ಕಡೆಗಿದೆ. ಟವೆಲ್ ಕತೆ ನಿಜ ಅಂತ ಅವರು ತೋರಿಸ್ಲಿ ನೋಡೋಣ."

"ಕೆಲಸ ವಾಪಸ್ ಸಿಗುತ್ತಾ ಮೇಡಂ?"

"ಸಿಗುತ್ತೆ. ಸಂಬಳಾನೂ ಸಿಗುತ್ತೆ."

"ಕಳ್ಳಿ ಅಲ್ಲ ಅಂತ ಹೇಳ್ತಾರಾ?"

ಕಮಲಾ ಕನ್ನಡಕವನ್ನು ಮತ್ತೆ ಹಾಕಿಕೊಂಡು, "ಹೇಳಿಸ್ತೀನಿ," ಎಂದಳು. ಆಮೇಲೆ ಬೆರಳೆತ್ತಿ, "ಆದ್ರೆ ನಿಮ್ಮ ಊರು ನಂಗೆ ಗೊತ್ತು. ಯಾರಾದ್ರೂ ತಂಬುವಾ ಹಿಡ್ಕೊಂಡು ಬಂದ್ರೆ ನನ್ನ ಕೇಳದೆ ಏನೂ ಒಪ್ಕೋಬೇಡ," ಎಂದಳು.

ಉಲಮಿಲಾಳಿಗೆ ನಗು ಬಂತು. "ಹೋಟೆಲಿನೋರು ತಂಬುವಾ ತರ್ತಾರಾ ಮೇಡಂ? ಒಂದು ಜೊತೆ ಗ್ಲೌಸ್ ತರೋಕಾಗ್ಲಿಲ್ಲ ಅವರಿಗೆ."

ತಂಬುವಾ ಎಂದರೆ ತಿಮಿಂಗಿಲದ ಹಲ್ಲು. ಹೆಣ್ಣು ಕೇಳಲು, ಸತ್ತವರ ಮನೆಗೆ ಹೋಗಲು, ತಪ್ಪೊಪ್ಪಿಕೊಳ್ಳಲು, ಎಲ್ಲದಕ್ಕೂ ಅದೇ ಬೇಕು. ತಪ್ಪು ಮಾಡಿದವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಬಂದು ಕೂತರೆ, ನೊಂದವರ ಮನೆಯ ಹಿರಿಯ ಕೈಚಾಚಿ ತೆಗೆದುಕೊಂಡರೆ, ತಪ್ಪನ್ನು ಹೂತಂತೆ. ಹೂತದ್ದನ್ನು ಆಮೇಲೆ ಎತ್ತಿ ಆಡಿದ ಮನೆಗೆ ಒಳ್ಳೆಯದಾಗುವುದಿಲ್ಲ.

ಮ್ಯಾನೇಜರಿಗೆ ಇದನ್ನೆಲ್ಲ ಹೇಳಿಕೊಟ್ಟವನು ಇನೋಕೆ. ಹೋಟೆಲಿನ ಸಿಬ್ಬಂದಿ ವಿಭಾಗದ ಅಧಿಕಾರಿ ಅವನು, ಉಲಮಿಲಾಳ ಸೋದರತ್ತೆಯ ಮಗ. ಚಿಕ್ಕಂದಿನಿಂದ ಇಬ್ಬರ ನಡುವೆ ಅತ್ತೆಮಗ-ಮಾವನಮಗಳ ಸಲಿಗೆ, ತಮಾಷೆ. ಆ ಶುಕ್ರವಾರ ಸಂಜೆ ಅವನು ಇಸ್ತ್ರಿ ಮಾಡಿದ ಸುಲು ಪಂಚೆ ಉಟ್ಟು, ಟೈ ಕಟ್ಟಿಕೊಂಡು, ಅರೆದು ನೀರಲ್ಲಿ ಕಲಸಿ ಕುಡಿಯುವ ಯಂಗೋನಾ ಬೇರಿನ ಕಂತೆಯನ್ನು ಕಂಕುಳಲ್ಲಿ ಇರುಕಿಕೊಂಡು ಸೋದರಮಾವ ಸೆವನಾಯಾನ ಮನೆಗೆ ಬಂದ.

"ಏನೇ ಉಲಾ, ಸಣ್ಣಗಾಗಿದ್ದೀಯ. ಗುಡಿಸಿ ಗುಡಿಸಿ ನೀನೇ ಪೊರಕೆ ಥರ ಆದೆ," ಎಂದ, ಒಳಗೆ ಬರುತ್ತಲೇ.

"ಪೊರಕೆ ಕೈಗೆ ಕೊಟ್ಟೋನು ನೀನೇ ಅಲ್ವಾ ಭಾವ. ಹುಷಾರು, ಕೈಯಲ್ಲೇ ಇದೆ ಇನ್ನೂ."

ಮನೆಯವರೆಲ್ಲ ನಕ್ಕರು. ಅವಳೂ ನಕ್ಕಳು. ಅವನು ಚಾಪೆಯ ಮೇಲೆ ಕೂತು ಬಟ್ಟೆಯ ಗಂಟು ಬಿಚ್ಚಿದಾಗ ನಗು ನಿಂತಿತು. ದೊಡ್ಡ ಹಲ್ಲು, ಹಳದಿಗಟ್ಟಿದ್ದು, ತುದಿಯಲ್ಲಿ ಯಾವ ಕಾಲದಲ್ಲೋ ಬೆಂಕಿ ತಾಗಿದ ಕಪ್ಪು ಮಚ್ಚೆ. ಇನೋಕೆ ತಲೆ ತಗ್ಗಿಸಿ ಹೋಟೆಲಿನ ಪರವಾಗಿ ಚೆಂದಾಗಿ ಮಾತಾಡಿದ. ನಡೆದದ್ದಕ್ಕೆ ನೋವಾಗಿದೆ ಎಂದ, ಮನೆಯವರ ಮನಸ್ಸು ತಿಳಿಯಾಗಲಿ ಎಂದ, ನೆಲ ಕೊಟ್ಟವರಿಗೂ ಹೋಟೆಲಿಗೂ ನಡುವೆ ಕಹಿ ಬೇಡ ಎಂದ. ನಡೆದದ್ದು ಏನು ಎಂದು ಮಾತ್ರ ಹೇಳಲಿಲ್ಲ.

ಬಾಗಿಲ ಬಳಿ ಹೆಂಗಸರ ಜೊತೆ ಕೂತಿದ್ದ ಉಲಮಿಲಾಳ ಬಾಯಿಗೆ ಬಂದ ಮಾತು ಅಲ್ಲೇ ನಿಂತಿತು. ಹಲ್ಲು ಚಾಪೆಯ ಮೇಲಿರುವಾಗ ಹೆಂಗಸರು ಮಾತಾಡುವುದಿಲ್ಲ. ದೊಡ್ಡಪ್ಪ ಅವಳ ಕಡೆಗೆ ಒಮ್ಮೆ ನೋಡಿದ. ಅವನಾದರೂ ಏನು ಮಾಡಬೇಕಿತ್ತು? ಬಂದು ಕೂತವನು ತಂಗಿಯ ಮಗ. ಸೋದರಳಿಯ ಬಂದು ಕೇಳಿದರೆ ಮನೆಯ ಹಂದಿಯನ್ನೂ ದೋಣಿಯನ್ನೂ ಬಿಟ್ಟುಕೊಡಬೇಕು. ಇಲ್ಲವೆನ್ನುವ ಬಾಯಿ ನಾಸೋಲೋದಲ್ಲಿ ಯಾವ ಸೋದರಮಾವನಿಗೂ ಇಲ್ಲ. ಹೋಟೆಲಿನವರು ವಕೀಲನನ್ನು ಕಳಿಸಿದ್ದರೆ ಮುದುಕ ನಾಯಿ ಬಿಡುತ್ತಿದ್ದ. ಕಾನೂನು ಒಳ್ಳೆಯದೇ, ಆದರೆ ಅದಕ್ಕೆ ಅಕ್ಕತಂಗಿಯರಿಲ್ಲ, ಸೋದರಳಿಯರೂ ಇಲ್ಲ. ಸೆವನಾಯಾ ಕೈಚಾಚಿ ತಂಬುವಾ ತೆಗೆದುಕೊಂಡ. ಗಂಡಸರು ಅಂಗೈ ಬೊಗಸೆ ಮಾಡಿ ಚಪ್ಪಾಳೆ ತಟ್ಟಿದರು, ಯಂಗೋನಾ ಬಟ್ಟಲು ಸುತ್ತು ಬಂತು.

ನಿಜ ಹೇಳಬೇಕೆಂದರೆ ಉಲಮಿಲಾಳಿಗೂ ಅವತ್ತು ಹಗುರವಾಯಿತು. ತಪ್ಪಾಯಿತೆಂದು ತಂಬುವಾ ತಂದವರು ಮಾಡಿದ ತಪ್ಪನ್ನು ತಿದ್ದಿಕೊಳ್ಳುತ್ತಾರೆ. ಅದನ್ನು ಬಾಯಿಬಿಟ್ಟು ಕೇಳಬೇಕೇ? ಕೇಳಿದರೆ ಅವರ ಕ್ಷಮಾಪಣೆಯನ್ನೇ ಅನುಮಾನಿಸಿದ ಹಾಗೆ. ಸೋಮವಾರ ಅವಳು ಮೊದಲು ಕಮಲಾಳ ಹತ್ತಿರ ಹೋಗಿ ದೂರು ವಾಪಸು ತೆಗೆದುಕೊಂಡಳು. ಕಮಲಾ ಬೈದಳು, ಬೇಡವೆಂದಳು, ಕೆಲಸ ಕೊಡುತ್ತೇವೆ ಎಂದು ಬರೆಸಿಕೊಂಡಾದರೂ ಬಾ ಎಂದಳು.

"ತಂಬುವಾ ತಗೊಂಡ ಮೇಲೆ ಬರ್ಸ್ಕೊಳ್ಳೋದು ಹೇಗೆ ಮೇಡಂ? ಮರ್ಯಾದೆ ಹೋಗುತ್ತೆ," ಎಂದಳು ಉಲಮಿಲಾ.

"ಯಾರ ಮರ್ಯಾದೆ?" ಎಂದಳು ಕಮಲಾ.

ಅಲ್ಲಿಂದ ನೇರ, ಒಗೆದ ಸಮವಸ್ತ್ರ ತೊಟ್ಟು ಹೋಟೆಲಿನ ಗೇಟಿಗೆ ಹೋದಳು. ಕಾವಲುಗಾರ ಒಳಗೆ ಬಿಡಲಿಲ್ಲ. ಇನೋಕೆ ಹೊರಗೆ ಬಂದು, "ಈಗ ಗಿರಾಕಿ ಕಡಿಮೆ ಕಣೆ ಉಲಾ. ಸೀಸನ್ ಬರ್ಲಿ, ಕರೆಸ್ತೀನಿ," ಎಂದ. ಅವಳು ನಂಬಿ ಕಾದಳು. ಸೀಸನ್ ಬಂತು, ಹೋಟೆಲು ತುಂಬಿತು, ಲಾಂಡ್ರಿಗೆ ಹೊಸ ಹುಡುಗಿಯರು ಸೇರಿದರು. ದೂರು ಕೊಡಲು ಕಾನೂನು ಇಟ್ಟಿದ್ದ ಗಡುವು ಮುಗಿಯಿತು. ಅದು ಮುಗಿದ ಮೇಲೆ ಅವಳು ಮತ್ತೆ ಗೇಟಿನ ಬಳಿ ನಿಂತಾಗ ಇನೋಕೆಯ ದನಿಯಲ್ಲಿ ತಮಾಷೆ ಇರಲಿಲ್ಲ.

"ಕೆಲಸ ಕೊಡ್ತೀವಿ ಅಂತ ತಂಬುವಾ ಮುಂದೆ ನಾನು ಹೇಳಿದ್ನಾ? ಹೂತಿದ್ದನ್ನ ಕೆದಕ್ತಾ ಇದ್ದೀಯ. ನಿನ್ನ ದೊಡ್ಡಪ್ಪಂಗೆ ಹೇಳ್ಲಾ?"

ಕಳ್ಳತನದ ಮಾತಿಗೂ ಹೋಟೆಲಿನವರು ಚೆನ್ನಾಗಿ ನೀರೆರೆದರು. ಕದ್ದಿರದಿದ್ದರೆ ದೂರು ಯಾಕೆ ವಾಪಸು ತೆಗೆದುಕೊಂಡಳು ಎಂದು ಎಲ್ಲರೂ ಕೇಳುವಂತಾಯಿತು. ಇದಕ್ಕಿಂತ ಹೊಟ್ಟೆ ಉರಿಸುವ ಮಾತು ಇನ್ನೊಂದಿಲ್ಲ, ಯಾಕೆಂದರೆ ಕೇಳುವವರಿಗೆ ಅದು ನ್ಯಾಯವೆಂದೇ ತೋರುತ್ತದೆ. ದೊಡ್ಡಪ್ಪನ ಮನೆಯಲ್ಲಿ ಈಗ ಅವಳೇ ಎದ್ದು ಹೋಗಿ ಎಲ್ಲರಿಗೂ ಚಹಾ ಮಾಡಬೇಕಿತ್ತು. ಅವಳು ಹೆದ್ದಾರಿಯ ಬಸ್ ನಿಲ್ದಾಣದಲ್ಲಿ ಒಲೆ ಹೂಡಿ, ಮುಸುಕಿನ ಜೋಳದ ತೆನೆ ಬೇಯಿಸಿ ಮಾರತೊಡಗಿದಳು.

ಮಾರನೆಯ ವರ್ಷ ಇನೋಕೆಯ ತಾಯಿ ತೀರಿಕೊಂಡಳು. ತಂಗಿಯ ಸಾವಿಗೆ ಸೆವನಾಯಾ ಬರಿಗೈಯಲ್ಲಿ ಹೋಗುವಂತಿಲ್ಲ. ಮನೆಯಲ್ಲಿದ್ದದ್ದು ಆ ಒಂದೇ ಹಲ್ಲು. ಅದರ ಹಳೆಯ ದಾರ ಕೊಳೆತಿತ್ತೆಂದು ತನ್ನ ಬಲೆಯ ನೀಲಿ ಹುರಿಯನ್ನೇ ಕತ್ತರಿಸಿ ಹೊಸದಾಗಿ ಕಟ್ಟಿದ. ಉಲಮಿಲಾಳೇ ಹುರಿಯ ತುದಿಯನ್ನು ಹಿಡಿದುಕೊಂಡಿದ್ದಳು. ಹೀಗೆ ಅವಳ ಕೆಲಸವನ್ನು ತಿಂದ ಹಲ್ಲು ಇನೋಕೆಯ ಮನೆಗೇ ಮರಳಿ ಹೋಯಿತು.

ಅದಾಗಿ ಕೆಲವೇ ತಿಂಗಳಲ್ಲಿ ತೋರಿಕಾ ಎಂಬ ಹುಡುಗಿ ಜೋಳದ ಒಲೆಯ ಮುಂದೆ ಬಂದು ನಿಂತಳು. ಪಕ್ಕದ ಊರಿನವಳು, ಉಲಮಿಲಾಳ ಜಾಗಕ್ಕೆ ಸೇರಿದವಳು. ಬೀಗ ಬಿದ್ದಿದ್ದ ಡ್ರಮ್ಮುಗಳು ಬೇರೆ ಬಣ್ಣ ಬಳಿದುಕೊಂಡು ಬಂದಿದ್ದವು. ಬರಿಗೈಯಲ್ಲಿ ಮುಟ್ಟುವುದಿಲ್ಲ ಎಂದು ತೋರಿಕಾ ಇನ್ಸ್‌ಪೆಕ್ಟರಿಗೆ ಹೇಳಿದ್ದಳು, ಅದೇ ವಾರ ಕೆಲಸ ಕಳೆದುಕೊಂಡಿದ್ದಳು.

"ಅಕ್ಕ, ಗೌಂಡರ್ ಮೇಡಂ ಹೇಳಿದ್ರು, ನಿಮಗೂ ಹೀಗೇ ಮಾಡಿದ್ರಂತೆ. ನೀವು ಬಂದು ಸಾಕ್ಷಿ ಹೇಳಿದ್ರೆ ನಂದು ಗಟ್ಟಿಯಾಗುತ್ತಂತೆ."

ಉಲಮಿಲಾ ಒಲೆಯ ಕಟ್ಟಿಗೆ ಸರಿಸುತ್ತ, "ನಂದು ಹೂತು ಹೋಗಿದೆ ಕಣಮ್ಮ. ಅದನ್ನ ಎತ್ತಬಾರದು," ಎಂದಳು.

"ಹಾಗಾದ್ರೆ ನಂದನ್ನೂ ಹೂತ್ಬಿಡ್ತಾರೆ. ನಾಳೆ ನಮ್ಮಜ್ಜನ ಹತ್ರ ತಂಬುವಾ ಹಿಡ್ಕೊಂಡು ಬರ್ತಾರಂತೆ."

ಉಲಮಿಲಾ ತೆನೆಗಳನ್ನು ತಿರುವಿ ಹಾಕಿದಳು. ಹೋಗಬಾರದೆಂದೇ ಅವಳು ರಾತ್ರಿಯಿಡೀ ಅಂದುಕೊಂಡಳು. ಮರುದಿನ ಸಂಜೆ ಮಾತ್ರ ತೋರಿಕಾಳ ಅಜ್ಜನ ಮನೆಯ ಬಾಗಿಲ ಬಳಿ, ಹೆಂಗಸರ ನಡುವೆ ಹೋಗಿ ಕೂತಿದ್ದಳು. ಯಾಕೆ ಬಂದೆನೆಂದು ಅವಳಿಗೇ ಗೊತ್ತಿರಲಿಲ್ಲ.

ಇನೋಕೆ ಬಂದ. ಅವನ ಮಾತಿಗೆ ತೂಕ ಬರಲೆಂದು ಜೊತೆಗೆ ಸೋದರಮಾವನೂ ಬಂದಿದ್ದ. ದೊಡ್ಡಪ್ಪನನ್ನು ಕಂಡು ಉಲಮಿಲಾ ಮುಖ ಕೆಳಗೆ ಹಾಕಿದಳು. ಇನೋಕೆ ಗಂಟು ಬಿಚ್ಚಿದ. ಹಳದಿಗಟ್ಟಿದ ದೊಡ್ಡ ಹಲ್ಲು, ತುದಿಯಲ್ಲಿ ಕಪ್ಪು ಮಚ್ಚೆ, ನೀಲಿ ಹುರಿ. ಅದೇ ದನಿಯಲ್ಲಿ, ಅದೇ ಮಾತು: ನಡೆದದ್ದಕ್ಕೆ ನೋವಾಗಿದೆ, ಮನಸ್ಸು ತಿಳಿಯಾಗಲಿ, ಕಹಿ ಬೇಡ. ತೋರಿಕಾಳ ಅಜ್ಜ ಗಂಟಲು ಸರಿಮಾಡಿಕೊಂಡು ಕೈ ಮುಂದೆ ಮಾಡಿದ.

"ಅಜ್ಜ, ತಗೋಬೇಡಿ."

ಮಾತಾಡಿದ್ದು ತಾನೇ ಎಂದು ಉಲಮಿಲಾಳಿಗೆ ತಿಳಿದದ್ದು ಎಲ್ಲರೂ ತನ್ನ ಕಡೆ ತಿರುಗಿದ ಮೇಲೆ. ಬೇರೆ ಊರಿನ ಹೆಂಗಸು, ಗಂಡ ಬಿಟ್ಟವಳು, ಹಲ್ಲು ಚಾಪೆಯ ಮೇಲಿರುವಾಗ ಬಾಯಿ ತೆರೆದಿದ್ದಳು.

"ಬಾಯಿ ಮುಚ್ಚು," ಎಂದ ದೊಡ್ಡಪ್ಪ. "ಮರ್ಯಾದೆ ಗೊತ್ತಿಲ್ವಾ ನಿಂಗೆ?"

"ನನ್ನ ಹೂತಿದ್ದೀರಲ್ಲ ದೊಡ್ಡಪ್ಪ. ಹೂತುಹೋದೋಳಿಗೆ ಮರ್ಯಾದೆ ಯಾಕೆ? ಅಜ್ಜ, ಈ ಹಲ್ಲು ನಂಗೆ ಗೊತ್ತು. ಆ ನೀಲಿ ಹುರಿ ನಮ್ಮ ದೊಡ್ಡಪ್ಪನೇ ಕಟ್ಟಿದ್ದು, ತುದಿ ಹಿಡ್ಕೊಂಡೋಳು ನಾನು. ಇದನ್ನ ತಗೊಂಡ ಮೇಲೆ ಕೆಲಸ ಬರುತ್ತೆ ಅಂತ ಕಾದೆ. ಇನ್ನೂ ಕಾಯ್ತಾ ಇದ್ದೀನಿ." ಅವಳು ಇನೋಕೆಯ ಕಡೆ ತಿರುಗಿದಳು. "ಭಾವ, ತಮಾಷೆ ಮಾಡ್ತಿಲ್ಲ. ಇವಳಿಗೆ ನಾಳೆಯಿಂದ ಕೆಲಸ ಕೊಡ್ತೀವಿ ಅಂತ ಈ ಚಾಪೆ ಮೇಲೆ ಕೂತು ಹೇಳು. ನಾನು ಕಳ್ಳಿ ಅಲ್ಲ ಅಂತಾನೂ ಹೇಳು. ಹೇಳಿದ್ರೆ ನಾನೇ ಎದ್ದು ಹೋಗಿ ಯಂಗೋನಾ ಕಲಸ್ತೀನಿ."

ಇನೋಕೆಯ ಕೈಯಲ್ಲಿ ಹಲ್ಲು ಹಾಗೇ ಇತ್ತು. ಅದನ್ನೇ ನೋಡುತ್ತ, "ಅದು ಆಫೀಸಿನ ವಿಷಯ," ಎಂದ.

ಅಜ್ಜ ಚಾಚಿದ ಕೈಯನ್ನು ನಿಧಾನವಾಗಿ ಮಡಿಲಿಗೆ ಎಳೆದುಕೊಂಡ. "ಹಾಗಾದ್ರೆ ಆಫೀಸಲ್ಲೇ ಮಾತಾಡಿಕೊಳ್ಳಪ್ಪ," ಎಂದ. ಸೆವನಾಯಾ ಎದ್ದು, ತಮ್ಮನ ಮಗಳು ಕೂತಿದ್ದ ಕಡೆಗೆ ನೋಡದೆ ಹೊರಗೆ ಹೋದ.

ತೋರಿಕಾಳ ದೂರು ನ್ಯಾಯಮಂಡಳಿಗೆ ಹೋಯಿತು. ಉಲಮಿಲಾ ಸಾಕ್ಷಿ ಹೇಳಿದಳು. ಮೇಜಿನ ಮೇಲೆ ಬಲಗೈಯನ್ನು ಚಾಚಿ ಇಟ್ಟಳು. ಹೋಟೆಲಿನ ವಕೀಲ ಅದನ್ನು ಅಲರ್ಜಿ ಎನ್ನಲು ಹೊರಟವನು ಅರ್ಧದಲ್ಲೇ ಬಿಟ್ಟ. ಇಬ್ಬರಿಗೆ ಒಂದೇ ರೀತಿ ಮಾಡಿದ್ದೀರಿ, ಇದು ಸೇಡೇ ಎಂದಿತು ನ್ಯಾಯಮಂಡಳಿ. ತೋರಿಕಾಳಿಗೆ ಕೆಲಸ ಮರಳಿ ಸಿಕ್ಕಿತು, ಕಳೆದುಕೊಂಡ ಸಂಬಳವೂ ಸಿಕ್ಕಿತು. ಲಾಂಡ್ರಿಯಲ್ಲಿ ಎಲ್ಲರಿಗೂ ಕೈಗವಸು ಕೊಡಬೇಕೆಂದು ಹೋಟೆಲಿಗೆ ಕಟ್ಟಪ್ಪಣೆಯಾಯಿತು.

"ನನ್ನ ಟವೆಲ್ ವಿಷಯ?" ಎಂದು ಉಲಮಿಲಾ ಎದ್ದು ನಿಂತು ಕೇಳಿದಳು.

"ಅದು ನಮ್ಮ ಮುಂದಿಲ್ಲಮ್ಮ," ಎಂದರು. ಗದರಿ ಹೇಳಲಿಲ್ಲ, ಮೆತ್ತಗೇ ಹೇಳಿದರು. ಕಮಲಾ ಅವಳ ಭುಜ ಹಿಡಿದು ಕೂರಿಸಿದಳು.

ಅವಳು ಅವತ್ತು ಮನೆಗೆ ಹೋದಾಗ ಅವಳ ಚಾಪೆ, ಬಟ್ಟೆಗಂಟು ಅಂಗಳದಲ್ಲಿದ್ದವು. ಹೂತದ್ದನ್ನು ಅಗೆದವಳ ಜೊತೆ ಉಣ್ಣುವುದಿಲ್ಲ ಎಂದ ದೊಡ್ಡಪ್ಪ. ಈಗ ಅವಳು ನಿಲ್ದಾಣದ ಹಿಂದೆ ತಗಡಿನ ಮನೆಯಲ್ಲಿದ್ದಾಳೆ. ತೋರಿಕಾ ಮೊದಮೊದಲು ದಿನಾ ಬಂದು ಮಾತಾಡಿಸುತ್ತಿದ್ದಳು. ಮೇಸ್ತ್ರಿಯಾದ ಮೇಲೆ ಬಸ್ಸಿನ ಕಿಟಕಿಯಿಂದ ಕೈ ಬೀಸುತ್ತಾಳೆ. ಅವಳದೇನೂ ತಪ್ಪಿಲ್ಲ, ಬಸ್ಸು ಅಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ.

ಮೊನ್ನೆ ಪಾಳಿ ಮುಗಿಸಿದ ಇಬ್ಬರು ಹೊಸ ಹುಡುಗಿಯರು ಜೋಳ ಕೊಳ್ಳಲು ಇಳಿದರು. ಒಬ್ಬಳು ಇನ್ನೊಬ್ಬಳ ಕಿವಿಯ ಹತ್ತಿರ, ಮೆಲ್ಲಗೆಂದುಕೊಂಡು ಸಾಕಷ್ಟು ಜೋರಾಗಿಯೇ, "ಇವಳೇ ಕಣೆ ಟವೆಲ್ ಕದ್ದೋಳು," ಎಂದಳು. ಉಲಮಿಲಾ ಕೇಳಿಸದವಳಂತೆ ಎಳೆಯ ತೆನೆ ಆರಿಸಿ ಉಪ್ಪು ಸವರಿದಳು. ಆ ಹುಡುಗಿಯ ಚೀಲದ ಹಿಡಿಗೆ ಒಂದು ಜೊತೆ ದಪ್ಪ ರಬ್ಬರಿನ ಕೈಗವಸು ನೇತಾಡುತ್ತಿತ್ತು. ಒಂದರ ಬೆರಳಿನ ತುದಿ ಹರಿದಿತ್ತು.

"ತೂತಾಗಿದೆ ನೋಡಮ್ಮ. ಹೊಸದು ಕೇಳು," ಎಂದಳು ಉಲಮಿಲಾ.

ಹುಡುಗಿ ತೆನೆ ಇಸಿದುಕೊಂಡು, ದೊಡ್ಡವರಿಗೆ ಪಾಠ ಹೇಳುವ ದನಿಯಲ್ಲಿ, "ಕೇಳೋದೇನೂ ಬೇಕಾಗಿಲ್ಲ, ಅವರೇ ಕೊಡ್ಬೇಕು. ಕಾನೂನಿದೆ. ನಿಮಗೆ ಗೊತ್ತಿರಲ್ಲ ಬಿಡಿ," ಎಂದಳು.

"ಇಲ್ಲಮ್ಮ, ಗೊತ್ತಿರಲಿಲ್ಲ," ಎಂದಳು ಉಲಮಿಲಾ, ಒಲೆಗೆ ಇನ್ನೊಂದು ಕಟ್ಟಿಗೆ ನೂಕುತ್ತ.